ಬಿಗಿಯಾದ ಉಡಿದಾರ

ಆ ಬೆಂಚು ಅಜ್ಜಂಪುರ ಸ್ಟೇಷನ್ನಿನದೇ ಇರಬೇಕು, ಅಥವಾ ತರೀಕೆರೆಯದೋ. ಕಡೂರು ದಾಟಿದ ಈ ರೈಲಿನಲ್ಲಿ ಕೂತು ಬರೆಯುವಾಗ ಎರಡೂ ಕಲೆಸಿಹೋಗುತ್ತಿವೆ. ಆಗ ನಾನು ಹೊಸ ಡಾಕ್ಟರು. ಬೆಳಗಿನ ಕ್ಯಾಂಪಿನಲ್ಲಿ ತೂಕ ನೋಡಿ, ಪರವಾಗಿಲ್ಲ ಎಂದು ನಾನೇ ಕಳಿಸಿದ್ದ ಮಗುವನ್ನು ಎತ್ತಿಕೊಂಡು ಅದರ ಅಜ್ಜಿ, ಸಂಜೆ ರೈಲಿಗೆ ಕಾಯುತ್ತಿದ್ದ ನನ್ನ ಪಕ್ಕದಲ್ಲಿ ಬಂದು ಕೂತರು. ಅಂಗಿ ಎತ್ತಿ, ಮಗುವಿನ ಸೊಂಟದ ಕರಿಯ ಉಡಿದಾರ ತೋರಿಸಿದರು.

"ನೋಡಿ ಡಾಕ್ಟ್ರಮ್ಮ, ಬೆಳೆಯೋ ಮಕ್ಳಿಗೆ ಇದನ್ನ ಸಡ್ಲ ಮಾಡ್ತಾ ಹೋಗ್ತೀವಿ. ಇವನಿಗೆ ಎರಡ್ ಸಲ ಬಿಗಿ ಮಾಡಿದೀನಿ, ಜಾರ್ಹೋಗ್ತಿತ್ತು."

"ಯಾವಾಗಿಂದ ಅಜ್ಜಿ?"

"ಇವರವ್ವ ಈರುಳ್ಳಿ ಕೀಳಕ್ಕೆ ಹೋಗೋಕೆ ಶುರು ಮಾಡ್ದಾಗಿಂದ. ನನ್ ಕೈಲಿ ತುತ್ತು ತಗೊಳಲ್ಲ ಕಣಮ್ಮ, ಅವ್ರ ತಾತನ್ ಹಂಗೇ ಹಠಮಾರಿ!"

ಟಾನಿಕ್ ಬರೆಯಲು ತೆಗೆದ ಚೀಟಿಯಲ್ಲಿ, ಅವರ ಮನೆಯಲ್ಲಿ ಯಾವ ಹೊತ್ತಿಗೆ ಮಗುವಿಗೆ ಉಣಿಸಲು ಯಾರಿರುತ್ತಾರೆಂದು ಕೇಳಿ ಬರೆದುಕೊಂಡೆ. ಮಕ್ಕಳ ಊಟದ ಬಗ್ಗೆ ಸಂಶೋಧನೆಗೆಂದು ಯಾವ ಮನೆಗೆ ಹೋದರೂ ಇಂದಿಗೂ ನನ್ನ ಮೊದಲ ಪ್ರಶ್ನೆ ಅದೇ. ಅದನ್ನು ಕೊಟ್ಟವರು ಆ ಅಜ್ಜಿ. ಎಷ್ಟು ನೆನೆದರೂ ಸಾಲದು.

ಅಂದು, ನಾಳೆ ಮಗುವನ್ನು ಆಸ್ಪತ್ರೆಗೆ ಕರೆತನ್ನಿ ಎಂದು ಹೇಳಿ ರೈಲು ಹತ್ತಿದೆ. ಅವರು ಬರಲಿಲ್ಲ. ಊರು ಕೇಳಿರಲಿಲ್ಲ, ಹೆಸರೂ ಕೇಳಿರಲಿಲ್ಲ. ಮಗು ಚೇತರಿಸಿಕೊಂಡಿತೋ ಇಲ್ಲವೋ, ನನಗೆ ಗೊತ್ತಿಲ್ಲ.