ಕಾಲಿಗೆ ಹತ್ತದ ನಾದ

ಬಾಳಕೃಷ್ಣ ಗಲಗಲಿ ಹಗಲು ಪುಣೆಯ ಶಿವಾಜಿನಗರದ ಕಚೇರಿಯೊಂದರಲ್ಲಿ ಟೈಪಿಸ್ಟ್. ಸಂಜೆ ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ. ೧೯೭೪ರಲ್ಲಿ ಅವನಿಗೆ ನಾದವೆಂದರೆ ಗುಡುಗಿನಂತೆ ದಪ್ಪಗಿರಬೇಕಿತ್ತು. ತಂತಿಗೆ ತುಕ್ಕು ಹಿಡಿದರೂ ಬದಲಿಸುತ್ತಿರಲಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ಅದೇ ನಾದ ಮಬ್ಬಾಗಿ ಕೇಳಿಸತೊಡಗಿತು. ಮುಂಬೈಯಿಂದ ಹೊಸ ತಂತಿ ತರಿಸಿದ, ಆಂಪ್ಲಿಫೈಯರ್ ಬದಲಿಸಿದ, ಬೆರಳು ಬಿಟ್ಟು ಪ್ಲಾಸ್ಟಿಕ್ ಪಿಕ್‌ನಿಂದ ಮೀಟತೊಡಗಿದ. ೧೯೮೨ರ ಹೊತ್ತಿಗೆ ಪ್ರತಿ ಸ್ವರವೂ ಗಾಜಿನಷ್ಟು ಸ್ಪಷ್ಟವಾಯಿತು. ಆದರೂ ಸಮಾಧಾನವಿಲ್ಲ, ಊಟದ ನಡುವೆ ಎದ್ದುಹೋಗಿ ಆಂಪ್ಲಿಫೈಯರಿನ ಗುಂಡಿ ತಿರುಗಿಸುತ್ತಿದ್ದ.

ಆ ವರ್ಷ ಲೋಣಾವಳಾದ ಹೋಟೆಲೊಂದರ ಕಾರ್ಯಕ್ರಮದಲ್ಲಿ ಗಾಯಕಿ ಸುಲಭಾ ಎರಡು ಸಲ ತಾಳ ತಪ್ಪಿದಳು. ಅವನಂತೆ ಅವಳೂ ಧಾರವಾಡದ ಕಡೆಯವಳು, ಮೊದಲಿನಿಂದಲೂ ಅವನ ಜೊತೆ ಹಾಡಿದವಳು. ಬಿಡುವಿನಲ್ಲಿ ಬಾಳಕೃಷ್ಣ ಸಿಟ್ಟಿನಿಂದ ಕೇಳಿದ: “ಇವತ್ತ ಏನಾಗೇದರಿ ನಿಮಗ?”

“ನಿಮ್ಮ ಗಿಟಾರ್ ಕೇಳಸ್ತದರಿ, ಆದರ ಕಾಲಿಗೆ ಹತ್ತೂದಿಲ್ಲ,” ಅಂದಳು ಸುಲಭಾ. “ಮೊದಲ ಸ್ಟೇಜಿನ ಹಲಿಗಿ ನಡಗತಿತ್ತು. ನಾ ಅದನ್ನ ಹಿಡದ ಹಾಡತಿದ್ದೆ. ಈಗ ಎಲ್ಲಿ ನಿಲ್ಲಬೇಕೋ ತಿಳಿಯೂದಿಲ್ಲ.”

ಇಷ್ಟು ವರ್ಷ ಬಾಳಕೃಷ್ಣ ತನ್ನ ಕಿವಿಯೊಂದನ್ನೇ ನಂಬಿದ್ದ. ಬಿಡುವಿನ ನಂತರ ಪಿಕ್ ಜೇಬಿಗಿಟ್ಟು, ಗುಂಡಿ ತಿರುಗಿಸಿ ನಾದವನ್ನು ದಪ್ಪಮಾಡಿ, ಬೆರಳಿನಿಂದಲೇ ನುಡಿಸಿದ. ಸುಲಭಾ ಚಪ್ಪಲಿ ಬಿಚ್ಚಿ ಹಲಗೆಯ ಮೇಲೆ ನಿಂತಳು. ಕಡೆಯ ಹಾಡಿನವರೆಗೂ ತಾಳ ತಪ್ಪಲಿಲ್ಲ.

ಮರುದಿನ ಬೆಳಿಗ್ಗೆಯೇ ಅವನು ಬೇರೆ ತಂತಿ ಹುಡುಕಲು ಹೊರಟ.

“ಈ ತಂತಿಗಳಾದ್ರೂ ಕಡೀವೇನ್ರಿ?” ಎಂದು ಹೆಂಡತಿ ಶಾಮಲಾ ಕೇಳಿದಳು.

“ಏನ ಹೇಳಲಿ?” ಎನ್ನುತ್ತ ಬಾಳಕೃಷ್ಣ ಚಪ್ಪಲಿ ಮೆಟ್ಟಿದ. “ನನ್ನ ನಾದ ಹೆಂಗ ಕೇಳಸ್ತದಂತ ಡ್ರಮ್ ಬಾರಸಾಂವನ್ನ ಇನ್ನೂ ಕೇಳೇ ಇಲ್ಲ.”