ಧಾರೇಶ್ವರದ ಮನೆಗೆ ನಾಗವೇಣಿಯ ಸಹಿ

“ಮನೆ, ಬಾವಿ, ಎಂಟು ತೆಂಗಿನ ಮರ ಎಲ್ಲ ನಿಮ್ದು. ಆ ಕಲ್ಲೊಂದು ಮಾತ್ರ ನಿಮ್ದಲ್ಲ” ಎಂದ ಮಂಜುನಾಥ. ಧಾರೇಶ್ವರದಲ್ಲಿ ಅವನು ಮಾರಲು ಇಟ್ಟಿದ್ದ ಮನೆಯನ್ನು ನೋಡಲು ಹೋದ ಮೊದಲ ದಿನವದು. ಹಿತ್ತಲ ಮೂಲೆಯಲ್ಲಿ, ಸುರಗಿ ಮರದ ಬುಡದಲ್ಲಿ, ಮೊಣಕಾಲೆತ್ತರದ ಒಂದು ಕಲ್ಲಿತ್ತು. ಅದರ ಮೇಲೆ ಒಣಗಿದ ಕುಂಕುಮ. ನಮ್ಮ ಇಂಡಿ ತಾಲೂಕಿನಲ್ಲಿ ಮನೆ ಮಾರಿದರೆ ಗೋಡೆಯ ಗೂಟದ ಸಮೇತ ಮಾರುತ್ತಾರೆ. ಇದೆಂಥ ವ್ಯಾಪಾರವಪ್ಪಾ ಎಂದು ಬೆಪ್ಪಾಗಿ ನಿಂತೆ.

“ಚೌಡಿ ಅದು. ವರ್ಷಕ್ಕೊಂದ್ ಸಲ ನಮ್ಮನೆಯವ್ರು ಬಂದು ಪೂಜೆ ಮಾಡೂದು. ಅದೇನು ಬರೆಯೂದು ಬ್ಯಾಡ, ಬಾಯ್ಮಾತಲ್ಲೇ ಆತು.”

ಚೌಡಿ ಎಂದರೆ ಹಿತ್ತಲು ಕಾಯುವ ದೇವತೆ. ನಮ್ಮ ದುರ್ಗವ್ವನಂತೆಯೇ, ಗುಡಿಯೊಂದಿಲ್ಲ ಅಷ್ಟೆ. ಇಲ್ಲಿಯವರು ಜಾಗ ಮಾರುತ್ತಾರೆ, ಚೌಡಿಯನ್ನು ಮಾರುವುದಿಲ್ಲ.

ನಾನು ಬಸ್ ಕಂಡಕ್ಟರ್. ಆರು ವರ್ಷದ ಹಿಂದೆ ಕುಮಟೆಗೆ ಬಂದವಳು. ಕುಮಟೆ, ಹೊನ್ನಾವರ, ಭಟ್ಕಳ, ಮತ್ತೆ ಹಿಂದಕ್ಕೆ. ಇದೇ ನನ್ನ ದಾರಿ. ಗಂಡ ತೀರಿಕೊಂಡಿದ್ದಾನೆ, ಮಕ್ಕಳಿಲ್ಲ. ಬಾಡಿಗೆಗೆ ಮನೆ ಕೇಳಿದಲ್ಲೆಲ್ಲ ಮೊದಲ ಪ್ರಶ್ನೆ, “ನೀವು ಘಟ್ಟದ ಮೇಲಿನವ್ರಾ?” ಎರಡನೆಯದು, “ಒಬ್ರೇಯಾ?” ಊರಿನಿಂದ ಬಸ್ಸಿನಲ್ಲಿ ತರಿಸಿಕೊಂಡ ಜೋಳದ ಹಿಟ್ಟು ಇಲ್ಲಿಯ ಮಳೆಗಾಲದಲ್ಲಿ ಎಂಟು ದಿನಕ್ಕೇ ಮುಗ್ಗಾಗುತ್ತಿತ್ತು. ಕುಚಲಕ್ಕಿಯ ದಪ್ಪ ಅನ್ನ ಮೊದಲ ವರ್ಷ ಗಂಟಲಲ್ಲೇ ನಿಲ್ಲುತ್ತಿತ್ತು, ಈಗ ಅದಿಲ್ಲದೆ ಊಟ ಮಾಡಿದಂತಾಗುವುದಿಲ್ಲ. ಕೊಂಕಣಿಯಲ್ಲಿ ‘ಖಂಯ್’, ಅಂದರೆ ಎಲ್ಲಿಗೆ, ಎಂದು ಕೇಳುವುದನ್ನು ಕಲಿತ ದಿನ ಹೊನ್ನಾವರದ ಮೀನು ಮಾರುವ ಹೆಂಗಸು ನನ್ನ ಕೈಗೆ ಎರಡು ಬಂಗುಡೆ ಇಟ್ಟು ನಕ್ಕಿದ್ದಳು. ನಾನು ಮೀನು ತಿನ್ನುವುದಿಲ್ಲವೆಂದು ಅವಳಿಗೆ ಹೇಳಲು ಮನಸ್ಸಾಗದೆ ಡ್ರೈವರನಿಗೆ ಕೊಟ್ಟೆ.

ಮನೆಯೊಂದು ನನ್ನದಾದರೆ ಎರಡನೆಯ ಪ್ರಶ್ನೆ ಕೇಳುವವರು ಇರುವುದಿಲ್ಲ. ನನಗೆ ಬೇಕಾಗಿದ್ದದ್ದು ಅಷ್ಟೇ.

ಕುಮಟೆಯ ವಕೀಲರ ಮುಂದೆ ಮಂಜುನಾಥ ಕಾಗದಗಳನ್ನು ಹರಡಿದ. ಖಾತೆ ಅವನೊಬ್ಬನ ಹೆಸರಿನಲ್ಲಿತ್ತು. ಮನೆಯ ಮೇಲೆ ಸಾಲಗೀಲ ಇಲ್ಲವೆನ್ನುವ ಋಣಭಾರ ಪತ್ರವೂ ಸರಿಯಿತ್ತು. ವಕೀಲರು ಎಲ್ಲವನ್ನೂ ಪಕ್ಕಕ್ಕಿಟ್ಟು ವಂಶವೃಕ್ಷ ಕೇಳಿದರು. ಅದರಲ್ಲಿ ಸತ್ತ ತಂದೆತಾಯಿಯ ಕೆಳಗೆ ಎರಡು ಹೆಸರಿದ್ದವು. ಒಂದು ಮಂಜುನಾಥನದು, ಇನ್ನೊಂದು ಅವನ ಅಕ್ಕ ನಾಗವೇಣಿಯದು.

“ಅವ್ಳು ಭಟ್ಕಳದ ಬದಿ ಬೆಳಕೆಗೆ ಮದುವೆಯಾಗಿ ಹೋಗಿ ಇಪ್ಪತ್ತು ವರ್ಷ ಆತು. ಅಪ್ಪ ಸತ್ತಾಗ ಅವ್ಳೇ ಹೇಳಿದ್ಳು, ನಿನ್ನ ಹೆಸ್ರಿಗೇ ಮಾಡ್ಕ ಅಂತ.”

“ಹೇಳಿದ್ದು ನೋಂದಣಿ ಆಗೂದಿಲ್ಲ ಮಾರಾಯಾ” ಎಂದರು ವಕೀಲರು. ಆಮೇಲೆ ನನ್ನ ಕಡೆ ತಿರುಗಿದರು. “ಖಾತೆ ಯಾರ ಹೆಸ್ರಲ್ಲಿದೆ ಅಂತ ಮಾತ್ರ ನೋಡಬೇಡಿ. ಇದು ಅವರಪ್ಪ ಸ್ವಂತ ದುಡಿಮೆಯಲ್ಲಿ ಕಟ್ಟಿದ ಮನೆ. ಉಯಿಲು ಬರೆಯದೇ ತೀರಿಕೊಂಡಿದ್ದಾರೆ. ಮಗಳಿಗೂ ಮಗನಷ್ಟೇ ಪಾಲು, ಮದುವೆಯಾಗಿದ್ರೂ ಅಷ್ಟೇ. ಅವಳ ಸಹಿ ಇಲ್ದೇ ತಗಂಡ್ರೆ ನಾಳೆ ನೀವು ಕೋರ್ಟಿಗೆ ಅಲೆಯೋದು.”

ನನಗೆ ಹೊಟ್ಟೆಯಲ್ಲಿ ಕಿಚ್ಚು ಹತ್ತಿದ್ದು ಅಲ್ಲೇ. ಅದನ್ನು ಮುಚ್ಚಿಡುವುದೇನಿದೆ? ನನ್ನಪ್ಪ ಸತ್ತ ಮರುವರ್ಷ ತಮ್ಮ ನನ್ನನ್ನು ಇಂಡಿಗೆ ಕರೆಸಿಕೊಂಡಿದ್ದ. ನೋಂದಣಿ ಕಚೇರಿಯಲ್ಲಿ ಒಂದು ಹಕ್ಕು ಬಿಡುಗಡೆ ಪತ್ರ, ಅಂದರೆ ಅಪ್ಪನ ಮನೆಯಲ್ಲಿ ನನ್ನ ಪಾಲು ಬೇಡವೆಂದು ಬರೆದುಕೊಟ್ಟ ಕಾಗದ. ಓದಲೂ ಇಲ್ಲ. ಸಹಿ ಹಾಕಿ ಹೆಬ್ಬೆಟ್ಟು ಒತ್ತಿದೆ, ಫೋಟೊ ತೆಗೆದರು. ಹೊರಗೆ ತಮ್ಮನ ಹೆಂಡತಿ ಇಳಕಲ್ ಸೀರೆ ಉಡಿಗೆ ಹಾಕಿದಳು. ಸಂಜೆಯ ಬಸ್ಸಿಗೆ ತಮ್ಮನೇ ಹತ್ತಿಸಿದ. ದೊಡ್ಡ ಮನಸ್ಸಿನ ಅಕ್ಕ ಎಂದು ಊರೆಲ್ಲ ಹೊಗಳಿತು, ನಾನೂ ಉಬ್ಬಿದ್ದೆ.

ನಾಗವೇಣಿ ಉಬ್ಬುವವಳಲ್ಲ. ವಕೀಲರ ಕಚೇರಿಗೆ ಬಂದವಳು ಕ್ರಯಪತ್ರದ ಕರಡನ್ನು ಎರಡೆರಡು ಸಲ ಓದಿದಳು. ನಾಲ್ಕೂ ದಿಕ್ಕಿನ ಚಕ್ಕುಬಂದಿ ಬೆರಳಿಟ್ಟು ನೋಡಿದಳು. ತನ್ನ ಪಾಲು ಕೇಳಿದಳು, ಮಂಜುನಾಥ ಮರುಮಾತಾಡದೆ ಒಪ್ಪಿದ. ಆಮೇಲೆ ಹೇಳಿದಳು, “ವರ್ಷಕ್ಕೊಂದ್ ದಿನ ನಾನು, ನನ್ನ ಮಕ್ಕಳು ಚೌಡಿ ಪೂಜೆಗೆ ಬರೂಕೆ ಬಿಡ್ಬೇಕು ಅಂತ ಇದ್ರಲ್ಲೇ ಬರೀರಿ.”

“ಅದು ಬಾಯ್ಮಾತಲ್ಲೇ ನಡೀತದಲ್ಲೇ” ಎಂದ ಮಂಜುನಾಥ.

“ಇಷ್ಟ್ ವರ್ಷ ಬಾಯ್ಮಾತಲ್ಲೇ ನಡೀತಲಾ, ನನ್ನ ಹೆಸ್ರು ಎಲ್ಲಿತ್ತು?”

ಮಾರುವವಳು ಮಾರಿಯೂ ಉಳಿಸಿಕೊಳ್ಳುತ್ತಾಳೆ, ನಾನು ಒಂದನ್ನೂ ಉಳಿಸಿಕೊಳ್ಳದೆ ಬಂದೆ. ಇವಳಿಗೆ ಮಾತ್ರ ಎರಡೂ ಯಾಕೆ? ಆ ಸಾಲು ಹೊಡೆದುಹಾಕಿ ಎಂದು ವಕೀಲರಿಗೆ ಹೇಳಿದೆ. ಬರೆದ ಹಕ್ಕು ಮುಂದೆ ತೊಡಕಾಗಬಹುದು ಎಂದು ಕಾನೂನು ತಿಳಿದವಳಂತೆ ಮಾತಾಡಿದೆ. ಕಾನೂನೂ ಇಲ್ಲ, ಮಣ್ಣೂ ಇಲ್ಲ, ಬರೀ ಹೊಟ್ಟೆಕಿಚ್ಚು. ನಾಗವೇಣಿ ಕೊಡೆ ಎತ್ತಿಕೊಂಡಳು. “ಹಾಂಗಾರೆ ಸಹಿ ಇಲ್ಲ” ಎಂದು ಹೊರಟೇ ಹೋದಳು.

ಎರಡು ವಾರ ನಾನೂ ಜಗ್ಗಲಿಲ್ಲ. ಧಾರೇಶ್ವರದ ಸ್ಟಾಪಿನಲ್ಲಿ ಬಸ್ಸು ನಿಂತಾಗಲೆಲ್ಲ ಮುಖ ಬೇರೆ ಕಡೆ ತಿರುಗಿಸಿಕೊಂಡು ಸೀಟಿ ಊದುತ್ತಿದ್ದೆ.

ಒಂದು ಮಧ್ಯಾಹ್ನ ಭಟ್ಕಳದಲ್ಲಿ ನಾಗವೇಣಿಯೇ ಹತ್ತಿದಳು. ಹೆಂಗಸರ ಉಚಿತ ಚೀಟಿಗಾಗಿ ಆಧಾರ್ ಕಾರ್ಡು ಮುಂದೆ ಹಿಡಿದಳು. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ, ಕೇಳಿದೆ.

“ಅಪ್ಪನ ಮನೆಗೆ” ಎಂದಳು. ಚೀಟಿ ಹರಿದು ಕೊಟ್ಟೆ. ಹೊನ್ನಾವರದಲ್ಲಿ ಬಸ್ಸು ಖಾಲಿಯಾದಾಗ ಅವಳೇ ಮಾತಿಗೆ ಎಳೆದಳು. “ನಿಮ್ಮ ಮೇಲೆ ಸಿಟ್ಟಿಲ್ಲ ನಂಗೆ. ನೀವು ನಿಮ್ಮ ತವರಲ್ಲಿ ಎಂತ ಉಳಿಸ್ಕಂಡ್ರಿ?”

“ಒಂದು ಇಳಕಲ್ ಸೀರಿ” ಎಂದೆ.

ಅವಳು ನಗಲಿಲ್ಲ. ನಕ್ಕಿದ್ದರೆ ಜಗಳವಾಡಬಹುದಿತ್ತು. ಧಾರೇಶ್ವರದಲ್ಲಿ ಅವಳು ಇಳಿದು ಬೀಗ ಹಾಕಿದ ಆ ಮನೆಯ ಕಡೆ ನಡೆದಳು. ಬೀಗದ ಕೈ ಮಂಜುನಾಥನ ಹತ್ತಿರವಿತ್ತು. ಅವಳಿಗೆ ಹಿತ್ತಲೊಂದೇ ಸಾಕಾಗಿತ್ತು. ಕುಮಟೆ ಮುಟ್ಟಿದವಳೇ ವಕೀಲರಿಗೆ ಫೋನ್ ಮಾಡಿ, ಆ ಸಾಲು ಇರಲಿ ಎಂದೆ.

ನೋಂದಣಿಯಾಯಿತು. ಖಾತೆ ನನ್ನ ಹೆಸರಿಗೆ ಬಂತು. ಈಗ ಪಕ್ಕದ ಮನೆಯವರು ನನ್ನನ್ನು ಕಂಡಕ್ಟರಮ್ಮ ಎನ್ನದೆ ‘ನಾಗವೇಣಿ ಮನೆಯವ್ರು’ ಎನ್ನುತ್ತಾರೆ! ದುಡ್ಡು ಕೊಟ್ಟವಳು ನಾನು, ಮನೆ ಈಗಲೂ ಅವಳದೇ.

ಮೊದಲ ವರ್ಷದ ಪೂಜೆಗೆ ಅವಳು ಇಬ್ಬರು ಮಕ್ಕಳೊಡನೆ ಬಂದಳು. ನನ್ನನ್ನು ಕೇಳದೆ ಬಾವಿಯಿಂದ ನೀರೆಳೆದಳು. ಹಗ್ಗ ಎಲ್ಲಿ ತೊಡರುತ್ತದೆಂದು ಅವಳ ಕೈಗೆ ಗೊತ್ತಿತ್ತು, ನಾನು ಇನ್ನೂ ದಿನಾ ಎಡವುತ್ತೇನೆ. ಅಡುಗೆಮನೆಯ ಕಿಟಕಿಯಿಂದ ನೋಡುತ್ತ ಮತ್ತೆ ಉರಿದುಕೊಂಡೆ. ಪ್ರಸಾದ ಕೊಡಲು ಕರೆದಾಗ ಹೋದೆ. ಆ ವಾರವೇ ನನಗೊಂದು ಸುದ್ದಿ ಬಂದಿತ್ತು, ಅದನ್ನು ಅವಳಿಗೇ ಹೇಳಿಬಿಟ್ಟೆ. ನನ್ನ ತಮ್ಮ ಅಪ್ಪನ ಮನೆಯನ್ನು ಮಾರಿಬಿಟ್ಟಿದ್ದ. ಗೊತ್ತಾಗಿದ್ದು ಸೋದರತ್ತೆಯ ಮಗಳಿಂದ. ಫೋನ್ ಮಾಡಿ ಕೇಳಿದರೆ, “ನಿನ್ನ ಸಹಿ ಬೇಕಾಗಿರ್ಲಿಲ್ಲಲ್ಲ ಅಕ್ಕಾ, ಅದಕ್ಕ ಹೇಳ್ಲಿಲ್ಲ” ಎಂದ. ಅವನ ದನಿಯಲ್ಲಿ ಕಪಟವಿರಲಿಲ್ಲ. ಈಗ ಊರಿಗೆ ಹೋದರೆ ನಾನು ಲಾಡ್ಜಿನಲ್ಲಿ ಇಳಿಯಬೇಕು.

ನಾಗವೇಣಿ ಪ್ರಸಾದವನ್ನು ನನ್ನ ಕೈಗಿಟ್ಟಳು. “ತಗಂಡವ್ರು ಯಾರು? ಒಂದು ಫೋನ್ ಮಾಡಿ ಕೇಳಿ. ವರ್ಷಕ್ಕೊಂದ್ ದಿನ ಕಟ್ಟೆ ಮೇಲೆ ಕೂತ್ಕಣೂಕೆ ಬಿಡ್ತ್ರಾ ಅಂತ. ಬ್ಯಾಡ ಅನ್ನೂದಿಲ್ಲ ಯಾರೂ.”

ಸೋದರತ್ತೆಯ ಮಗಳಿಂದ ನಂಬರು ತೆಗೆದುಕೊಂಡಿದ್ದೇನೆ. ಕೊಂಡವಳೂ ಒಬ್ಬ ಹೆಂಗಸೇ ಅಂತೆ, ಬೇರೆ ಊರಿನಿಂದ ಬಂದವಳು, ಸ್ವಂತ ದುಡಿಮೆಯಲ್ಲಿ ಕೊಂಡವಳು. ನಾಲ್ಕು ತಿಂಗಳಾಯಿತು, ಇನ್ನೂ ಫೋನ್ ಮಾಡಿಲ್ಲ. ಕಾಗದದಲ್ಲಿ ಒಂದು ಸಾಲೂ ಇಲ್ಲದ ಹೆಂಗಸು ಬಾಗಿಲಿಗೆ ಬಂದು ಹೀಗೆ ಕೇಳಿದ್ದರೆ ನಾನು ಏನು ಹೇಳುತ್ತಿದ್ದೆ ಎಂಬುದು ನನಗೆ ಚೆನ್ನಾಗಿ ಗೊತ್ತು.