ಅಣ್ಣನ ದನಿಗೆ ಹೊಸ ಬ್ಯಾಟರಿ

"ಅಕ್ಕಾರ, ಆ ಚೀಲ ಸ್ವಲ್ಪ ಮ್ಯಾಲೆ ಇಡ್ರಿ. ಕೂಸಿನ್ನ ಕುಂದ್ರಸಬೇಕು," ಅಂದರು ಪಕ್ಕದ ಸೀಟಿನ ಹೆಂಗಸು.

ಇಳಕಲ್‌ನಿಂದ ಬಾಗಲಕೋಟೆಗೆ ಹೊರಟ ಬಸ್ಸು. ಭಾನುವಾರದ ರಶ್. ನನ್ನ ತೊಡೆಯ ಮೇಲೆ ಕಪ್ಪು ಲ್ಯಾಪ್‌ಟಾಪ್ ಬ್ಯಾಗು. ಕುದಿಯುವ ಸಾರಿನ ಪಾತ್ರೆ ಹಿಡಿದವರ ಹಾಗೆ ಅದನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದೆ.

"ಮ್ಯಾಲೆ ಇಡಾಕ ಬರಂಗಿಲ್ರಿ," ಅಂದೆ. "ಇದರಾಗ ನಮ್ಮಣ್ಣನ ದನಿ ಐತಿ."

ಆಕೆ ನನ್ನ ಮುಖ ನೋಡಿದರು. ಬ್ಯಾಗು ನೋಡಿದರು. ಮಗುವನ್ನು ಮೆಲ್ಲಗೆ ಆಚೆ ಪಕ್ಕಕ್ಕೆ ಸರಿಸಿಕೊಂಡರು. ಹುನಗುಂದ ದಾಟುವವರೆಗೂ ಬ್ಯಾಗಿನ ಮೇಲೊಂದು ಕಣ್ಣಿಟ್ಟೇ ಇದ್ದರು. (ಹುಚ್ಚಿ ಅಂದುಕೊಂಡಿರಬೇಕು. ಅಂದುಕೊಳ್ಳಲಿ. ವಿವರಿಸುವಷ್ಟು ತ್ರಾಣ ಆವತ್ತು ನನ್ನಲ್ಲಿರಲಿಲ್ಲ.)

ನಿಮಗಾದರೂ ವಿವರಿಸುತ್ತೇನೆ.

ನನ್ನಣ್ಣ ಇಳಕಲ್‌ನ ಹೈಸ್ಕೂಲೊಂದರಲ್ಲಿ ಪಿ.ಟಿ. ಮಾಸ್ತರ ಆಗಿದ್ದವನು. ಸೀಟಿ ಊದಿದ್ದು ಕಡಿಮೆ. ಬೇಕಾಗುತ್ತಿರಲಿಲ್ಲ. ಅವನು ಮೈದಾನದಲ್ಲಿ "ಸಾವಧಾನ್" ಅಂದರೆ ಆಚೆ ರಸ್ತೆಯಲ್ಲಿ ಹೊರಟ ಸೈಕಲ್ಲಿನವರೂ ಇಳಿದು ನಿಲ್ಲುತ್ತಾರೆ ಎಂದು ಊರಲ್ಲಿ ತಮಾಷೆ ಮಾಡುತ್ತಿದ್ದರು. ನಿವೃತ್ತಿಯಾದ ಸ್ವಲ್ಪ ದಿನಕ್ಕೆ ಅವನ ಗಂಟಲು ಕಟ್ಟಿತು. ಕಟ್ಟಿದ್ದು ಬಿಡಲೇ ಇಲ್ಲ. ಕ್ಯಾನ್ಸರ್ ಅಂದರು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು, ಧ್ವನಿಪೆಟ್ಟಿಗೆ ತೆಗೆದರು. ಜೀವ ಉಳಿಯಿತು. ದನಿ ಹೋಯಿತು.

ಈಗ ಕುತ್ತಿಗೆಯ ರಂಧ್ರದಿಂದ ಉಸಿರಾಡುತ್ತಾನೆ. ಅದರ ಮೇಲೆ ತೆಳುವಾದ ಬಿಳಿ ಬಟ್ಟೆ ಕಟ್ಟಿಕೊಂಡಿರುತ್ತಾನೆ. ತುಟಿ ಆಡುತ್ತದೆ, ಸದ್ದು ಬರುವುದಿಲ್ಲ. ಕುತ್ತಿಗೆಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಡಾಕ್ಟರು ಕೊಡಿಸಿದ್ದರು. ಅಣ್ಣ ಒಂದು ಸಲ ಹಿಡಿದು ನೋಡಿದ. ಡಬ್ಬಿಯೊಳಗೆ ದುಂಬಿ ಸಿಕ್ಕಿಕೊಂಡಂಥ ಸದ್ದು ಬಂತು. ಕಪಾಟಿನಲ್ಲಿಟ್ಟು ಬಾಗಿಲು ಹಾಕಿದ.

ಆಗ ಬಂದದ್ದು ಲ್ಯಾಪ್‌ಟಾಪ್. ನನ್ನ ಮಗಳು ಓದು ಮುಗಿಸಿ ಬಿಟ್ಟುಹೋದದ್ದು. ಕನ್ನಡದಲ್ಲಿ ಟೈಪ್ ಮಾಡಿದರೆ ಅದು ಗಟ್ಟಿಯಾಗಿ ಓದಿ ಹೇಳುತ್ತದೆ. (ಮೊಬೈಲ್ ಸಾಲದೇ ಎಂದು ಕೇಳುತ್ತೀರಿ. ಅಣ್ಣನ ಒಂದು ಬೆರಳು ಮೊಬೈಲಿನ ಎರಡು ಮೂರು ಅಕ್ಷರಗಳನ್ನು ಒಟ್ಟಿಗೇ ಒತ್ತುತ್ತದೆ. ಶಾಲೆಯ ಕಂಪ್ಯೂಟರಿನಲ್ಲಿ ಕ್ರೀಡಾಕೂಟದ ಕೆಲಸಕ್ಕೆ ಕೂತು ಅವನಿಗೆ ರೂಢಿಯಾದದ್ದು ದೊಡ್ಡ ಕೀಬೋರ್ಡು.)

ಒಂದೇ ತೊಂದರೆ. ಆ ಯಂತ್ರದ ದನಿ ಹೆಂಗಸಿನದು. ಅದಕ್ಕೆ ಬರುವುದು ವಾರ್ತೆ ಓದುವವರ ಕನ್ನಡ. "ಉಣ್ಣಾಕ ನೀಡು" ಎಂದು ಟೈಪ್ ಮಾಡಿದರೆ ಎಡವುತ್ತದೆ, ಎಲ್ಲೆಲ್ಲೋ ಉಸಿರು ತೆಗೆದುಕೊಳ್ಳುತ್ತದೆ. ಅಣ್ಣ ಪುಸ್ತಕದ ಕನ್ನಡಕ್ಕೆ ಬದಲಾಗಬೇಕಾಯಿತು. "ದಯವಿಟ್ಟು ಊಟ ಬಡಿಸು." ಜನ್ಮದಲ್ಲಿ 'ದಯವಿಟ್ಟು' ಅಂದವನಲ್ಲ ಅವನು.

"ಬೆಂಗಳೂರಿಂದ ಯಾರೋ ಮೇಡಂ ಬಂದು ಮನ್ಯಾಗ ಕುಂತಂಗ ಆಗೇತಿ ನೋಡು," ಎಂದು ವೈನಿ, ಅಂದರೆ ನನ್ನ ಅತ್ತಿಗೆ, ನಗುತ್ತಿದ್ದರು. ನಾವೂ ನಕ್ಕೆವು. ಆಮೇಲೆ ರೂಢಿಯಾಯಿತು. ರೂಢಿಯಾದ ಮೇಲೆ ಯಾರು ನಗುತ್ತಾರೆ?

ಮನುಷ್ಯನ ದನಿ ಅದರೊಳಗಿದೆ ಎಂದ ಮೇಲೆ ಜೋಪಾನ ಮಾಡಬೇಕಲ್ಲ. ವೈನಿ ಮಾಡಿದರು. ಅವರ ಮನೆಯ ಸಾಲಿನಲ್ಲೇ ಗ್ರಾನೈಟ್ ಪಾಲಿಶ್ ಮಾಡುವ ಘಟಕವಿದೆ. ಬೆಳಿಗ್ಗೆ ಒರೆಸಿದ ಟೇಬಲ್ಲು ಮಧ್ಯಾಹ್ನಕ್ಕೆ ಬೆಳ್ಳಗಾಗುತ್ತದೆ. ಅದಕ್ಕೇ ತಮ್ಮ ಹಳೆಯ ಇಳಕಲ್ ಸೀರೆಯೊಂದನ್ನು ಹರಿದು ಲ್ಯಾಪ್‌ಟಾಪಿಗೆ ಹೊದಿಕೆ ಹೊಲಿದರು. ಅದು ಓಡುತ್ತಿರುವಾಗಲೂ ಪರದೆ, ಕೀಬೋರ್ಡು ಬಿಟ್ಟು ಉಳಿದ ಮೈಯೆಲ್ಲ ಸೀರೆ. ಮೆತ್ತಗಿರಲಿ ಎಂದು ಕೆಳಗೊಂದು ಗಾದಿ. ಕರೆಂಟ್ ಹೋದರೆ ಗಂಡನ ಮಾತು ನಡುವೆಯೇ ನಿಂತೀತು ಎಂಬ ಹೆದರಿಕೆಯಿಂದ ಚಾರ್ಜರ್ ಸದಾ ಸಿಕ್ಕಿಸಿಯೇ ಇಟ್ಟರು. ಆಯುಧ ಪೂಜೆಗೆ ವಿಭೂತಿ, ಕುಂಕುಮ ಹಚ್ಚಿದರು. ಕುಂಕುಮ ಅಕ್ಷರಗಳ ಸಂದಿಗಿಳಿಯಿತು.

ನಗಬೇಡಿ. ನಿಮ್ಮ ಮನೆಯಲ್ಲಿ ಟಿವಿ ರಿಮೋಟಿಗೆ ಪ್ಲಾಸ್ಟಿಕ್ ಇಲ್ಲವೇ? ಫ್ರಿಜ್ಜಿನ ತಲೆಗೆ ಕ್ರೋಶಾ ಟೊಪ್ಪಿಗೆ? ಸೋಫಾ ಕವರಿನ ಮೇಲೆ ಇನ್ನೊಂದು ಕವರು? ಜೋಪಾನ ಅಂದರೆ ಮುಚ್ಚಿಡುವುದು ಎಂದು ನಮಗೆ ಯಾರು ಕಲಿಸಿದರೋ. ಉಸಿರಾಡಬೇಕಾದ ಕಿಂಡಿಯನ್ನೂ ಪ್ರೀತಿಯಿಂದಲೇ ಮುಚ್ಚುತ್ತೇವೆ.

ನಾನೇನು ಕಡಿಮೆ? ಬಾಗಲಕೋಟೆಯ ನವನಗರದಲ್ಲಿ ನನ್ನ ಮನೆ. ಕಾಲೇಜಿನಲ್ಲಿ ಪಾಠ ಮುಗಿಸಿ ಬಂದು ಚಪ್ಪಲಿ ಬಿಡುವ ಮೊದಲೇ ಇಳಕಲ್‌ಗೆ ಫೋನು. "ವೈನಿ, ಲ್ಯಾಪ್‌ಟಾಪ್ ಬಿಸಿ ಆಗಾಕತ್ತೇತೇನು? ಚಾರ್ಜರ್ ತಗದೀರೇನು? ಬರೇ ಮುಚ್ಚಬ್ಯಾಡ್ರಿ, ಶಟ್‌ಡೌನ್ ಮಾಡ್ರಿ." ಲ್ಯಾಪ್‌ಟಾಪ್ ಬಾಳಿಕೆ ಬರಲು ಏನು ಮಾಡಬೇಕೆಂಬ ವಿಡಿಯೋಗಳನ್ನು ನೋಡಿ ನೋಡಿ ನನಗೆ ಎಲ್ಲ ಬಾಯಿಪಾಠವಾಗಿತ್ತು. ವೈನಿ "ಹೂಂ, ಹೂಂ" ಅನ್ನುತ್ತಿದ್ದರು. ಅಣ್ಣನ ಕುತ್ತಿಗೆಯ ಗಾಯ ತೊಳೆದು, ಬಟ್ಟೆ ಕುದಿಸಿ ಒಣಗಿಸಿ, ಮೆತ್ತನೆಯ ಅಡುಗೆ ಬೇರೆ ಮಾಡಿ ಆಮೇಲೆ ನನ್ನ ಫೋನ್ ಎತ್ತಿದವರ ಹೂಂ ಅದು.

ಕೊನೆಗೊಂದು ದಿನ ಅವರೇ ಫೋನ್ ಮಾಡಿದರು.

"ಸುವರ್ಣಾ, ಲ್ಯಾಪ್‌ಟಾಪಿಗೆ ಹೊಟ್ಟಿ ಉಬ್ಬೇತಿ."

"ಏನಂದ್ರಿ?"

"ಖರೇನ. ಕೆಳಗ ಉಬ್ಬೇತಿ. ಮುಚ್ಚಿದ್ರ ಮುಚ್ಚವಲ್ದು."

ಬಾಗಲಕೋಟೆಯ ರಿಪೇರಿ ಅಂಗಡಿಗೆ ಫೋನ್ ಹಚ್ಚಿದೆ. ಬ್ಯಾಟರಿ ಉಬ್ಬಿದೆ, ಚಾರ್ಜರ್ ತೆಗೆಸಿ, ಬಂದ್ ಮಾಡಿಸಿ, ಒತ್ತಲು ಹೋಗಬೇಡಿ, ಎಲ್ಲೂ ಬಡಿಯದಂತೆ ತನ್ನಿ ಎಂದರು. ಭಾನುವಾರ ಇಳಕಲ್‌ಗೆ ಹೋದೆ. ಅಣ್ಣ ಬಾಗಿಲವರೆಗೆ ಬಂದು ಏನೋ ಹೇಳಿದ, ತುಟಿ ಆಡಿತು. ಬಸ್ಸಿನ ಗಡಿಬಿಡಿ ನನಗೆ. "ಹೂಂ ಅಣ್ಣಾ, ಜ್ವಾಕಿಲೆ ಒಯ್ತೇನಿ," ಅಂದು ಬಂದುಬಿಟ್ಟೆ. ಬಸ್ಸಿನ ಕತೆ ನಿಮಗೆ ಗೊತ್ತೇ ಇದೆ.

ಅಂಗಡಿಯಾತ ತಳ ಬಿಚ್ಚಿದ. ಫ್ಯಾನಿನ ಸುತ್ತ ಬಿಳಿಯ ಧೂಳು, ಸೀರೆಯ ಕೆಂಪು ಎಳೆಗಳು, ಕುಂಕುಮ.

"ಮೇಡಂ, ಇದಕ್ಕ ಪೂಜಿ ಭಾಳ ಆಗೇತಿ," ಅಂದ.

ಹೊಸ ಬ್ಯಾಟರಿ ಹೊರಗಿನಿಂದ ತರಿಸಬೇಕು, ವಾರ ಹಿಡಿಯುತ್ತದೆ ಅಂದ. ಜೊತೆಗೆ ಉಪದೇಶ. ಗಟ್ಟಿ ಟೇಬಲ್ಲಿನ ಮೇಲಿಡಿ, ಗಾದಿ ದಿಂಬು ಬೇಡ. ಗಾಳಿಯ ಕಿಂಡಿ ಮುಚ್ಚಬೇಡಿ. ಮೆತ್ತನೆ ಬ್ರಶ್ಶಿನಿಂದ ಆಗಾಗ ಧೂಳು ತೆಗೆಯಿರಿ. ದಿನವಿಡೀ ಚಾರ್ಜಿಗೆ ನೇತುಹಾಕಬೇಡಿ. ಪರದೆ ಹಿಡಿದು ಎತ್ತಬೇಡಿ. ಪಕ್ಕದಲ್ಲಿ ಚಹಾ ಇಡಬೇಡಿ. ಇದರಲ್ಲಿ ನನಗೆ ಗೊತ್ತಿಲ್ಲದ್ದು ಯಾವುದಿತ್ತು? ನಿಮಗೂ ಗೊತ್ತಿಲ್ಲದ್ದು ಯಾವುದಿದೆ? ಗೊತ್ತಿದ್ದದ್ದನ್ನು ದಿನವೂ ಮಾಡುವ ಚೈತನ್ಯವೊಂದೇ ನಮ್ಮಲ್ಲಿ ಯಾರಿಗೂ ಉಳಿದಿಲ್ಲ.

ಆ ವಾರ ನಾನು ಇಳಕಲ್‌ಗೆ ಫೋನ್ ಮಾಡಲಿಲ್ಲ. ಕೇಳಬೇಕಾದ ಲ್ಯಾಪ್‌ಟಾಪ್ ಅಲ್ಲಿರಲಿಲ್ಲವಲ್ಲ.

ಶನಿವಾರ ಬೆಳಿಗ್ಗೆ ವೈನಿಯ ಫೋನ್ ಬಂತು. "ತುಳಸಿಗೇರಿಗೆ ಬಂದೇವಿ. ಹನಮಪ್ಪಗ ಕಾಯಿ ಒಡಿಸ್ಕೊಂಡು ನಿಮ್ಮನಿಗೆ ಬರ್ತೇವಿ, ಊಟಕ್ಕ."

ತುಳಸಿಗೇರಿಯ ಹನುಮಂತನ ಗುಡಿ ನಮ್ಮೂರಿಗೆ ಹತ್ತಿರವೇ, ಆದರೂ ನನಗೆ ನಂಬಿಕೆಯಾಗಲಿಲ್ಲ. ಆಪರೇಷನ್ ಆದ ಮೇಲೆ ಅಣ್ಣ ದವಾಖಾನೆ ಬಿಟ್ಟು ಬೇರೆಲ್ಲಿಗೂ ಹೋದವನಲ್ಲ.

"ಅಣ್ಣ ಹೆಂಗ ಒಪ್ಪಿದ?"

"ಅವರ ಹೇಳಿದ್ರು, ನಡಿ ಹೋಗೂಣು ಅಂತ."

"ಲ್ಯಾಪ್‌ಟಾಪ್ ಇಲ್ಲೈತಿ. ಹೆಂಗ ಹೇಳಿದ?"

"ಬಾಯಿಲೆ ಹೇಳಿದ್ರು. ಇನ್ನೇನು?"

ಮಧ್ಯಾಹ್ನ ಇಬ್ಬರೂ ಬಂದರು. ರೊಟ್ಟಿ, ಬದನೆಕಾಯಿ ಪಲ್ಯ, ಅಣ್ಣನಿಗಾಗಿ ಹಾಲಿನಲ್ಲಿ ನೆನೆಸಿದ ರೊಟ್ಟಿ. ಅಣ್ಣ ನನ್ನೆದುರು ಕೂತ. ನಡುವೆ ಪರದೆಯಿಲ್ಲ. ಇಷ್ಟು ದಿನ ಅವನೊಂದಿಗೆ ಮಾತಾಡುವುದೆಂದರೆ ಲ್ಯಾಪ್‌ಟಾಪಿನ ಕಡೆ ಬಾಗಿ ನಿಲ್ಲುವುದು, ಅದು ಓದುವ ಮೊದಲೇ ನಾವೇ ಓದಿಬಿಡುವುದು, ತಪ್ಪು ಅಕ್ಷರ ಕಂಡರೆ ತಿದ್ದುವುದು. (ಕನ್ನಡ ಲೆಕ್ಚರರ್ ನಾನು. ಚಟ.) ಆವತ್ತು ಬೇರೆ ದಾರಿಯಿಲ್ಲದೆ ಅವನನ್ನೇ ನೋಡಬೇಕಾಯಿತು.

ನೋಡಿದರೆ, ಅವನು ಉಣ್ಣುವ ರೀತಿಯೇ ಬದಲಾಗಿತ್ತು. ಕೈ ಬಾಯಿಗೆ ಏರುತ್ತಿರಲಿಲ್ಲ, ತಲೆಯೇ ತಟ್ಟೆಗೆ ಇಳಿಯುತ್ತಿತ್ತು. ಬಲಭುಜ ಜೋತುಬಿದ್ದಿತ್ತು. ನೀರಿನ ಲೋಟ ಎತ್ತುವಾಗ ಎಡಗೈಯಿಂದ ಬಲ ಮೊಳಕೈಗೆ ಆಸರೆ ಕೊಟ್ಟುಕೊಂಡ.

"ಅಣ್ಣಾ, ಕೈಗೆ ಏನಾಗೇತಿ?"

ತುಟಿ ಆಡಿತು. ನನಗೆ ತಿಳಿಯಲಿಲ್ಲ.

"ಏನಂದಿ?"

ಮತ್ತೆ ಹೇಳಿದ. ಈ ಸಲವೂ ತಿಳಿಯಲಿಲ್ಲ. ನಾನು ವೈನಿಯ ಕಡೆ ನೋಡಿದೆ. ಅವರು ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟರು.

"'ನೀ ಯಾವಾಗ ಕೇಳಿದ್ದಿ?' ಅನ್ನಾಕತ್ತಾರ."

ವೈನಿಯೇ ಮುಂದುವರಿಸಿದರು. "ಮನಸ್ಸಿಗೆ ಹಚ್ಚಿಕೋಬ್ಯಾಡ. ಮೊನ್ನೆ ನನಗೂ ಇದನ್ನ ಅಂದ್ರು. ಅಂಗಿ ತೊಡಸುವಾಗ ಕೈ ಏರಸಾಕ ಆಗಂಗಿಲ್ಲ ಅನ್ನೋದು ನನಗ ಗೊತ್ತಿತ್ತು. ಆಪರೇಷನ್ ಆದವರಿಗೆ ಇರತೈತಿ ಬಿಡು ಅಂತ ಸುಮ್ಮನಾದೆ. ನನಗೂ ಸಾಕಾಗಿತ್ತು, ಸುವರ್ಣಾ."

"ಆದ್ರ ಅಣ್ಣಾ, ಟೈಪ್ ಮಾಡಿ ಹೇಳಬಹುದಿತ್ತಲ್ಲ?"

ಅಣ್ಣ ತಟ್ಟೆಯಿಂದ ತಲೆಯೆತ್ತಿದ. ಆಮೇಲೆ ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದ. ವೈನಿ ಅವನ ತುಟಿಯ ಮೇಲೆ ಕಣ್ಣಿಟ್ಟು, ಅವನ ಹಿಂದೆಯೇ ದನಿ ಕೊಡುತ್ತ ಹೋದರು.

"ಆ ಹೆಣ್ಮಗಳ ದನಿಯಾಗ... 'ನನಗೆ ನೋವಾಗುತ್ತಿದೆ' ಅಂತ... ಹೇಳಸಾಕ ಮನಸ್ಸಾಗಲಿಲ್ಲ."

ನಾನು ಎದ್ದು ನೀರು ತರುವ ನೆಪದಲ್ಲಿ ಒಳಗೆ ಹೋದೆ.

ಸಂಜೆ ಅಂಗಡಿಯಿಂದ ಫೋನ್ ಬಂತು, ಲ್ಯಾಪ್‌ಟಾಪ್ ರೆಡಿ. ಮೂವರೂ ಹೋದೆವು. ಹೊಸ ಬ್ಯಾಟರಿ, ಒಳಗೆಲ್ಲ ಸ್ವಚ್ಛ, ಫ್ಯಾನಿನ ಸದ್ದೇ ಇಲ್ಲ. ಅಂಗಡಿಯಾತ ಅಣ್ಣನನ್ನು ಸ್ಟೂಲಿನ ಮೇಲೆ ಕೂಡಿಸಿ, "ಏನರ ಟೈಪ್ ಮಾಡ್ರಿ ಸರ್, ಸೌಂಡ್ ಚೆಕ್ ಮಾಡೂಣು," ಅಂದ. ಅಣ್ಣ ಬೆರಳಿಟ್ಟದ್ದೇ ತಡ, ಅಂಗಡಿಯಾತ, ವೈನಿ, ನಾನು, ಮೂವರೂ ಪರದೆಯ ಕಡೆ ಬಾಗಿದೆವು.

ಅದೇ ವಾರ್ತೆಯ ದನಿ. ಸ್ಪಷ್ಟವಾಗಿ, ತಡವರಿಸದೆ ಓದಿತು.

"ನಾನು ಈ ಕಡೆ ಇದ್ದೇನೆ."

"ದನಿ ಭಾರಿ ಕ್ಲಿಯರ್ ಐತ್ರಿ," ಅಂದ ಅಂಗಡಿಯಾತ. ಅವನಿಗೇನು ಗೊತ್ತು ಪಾಪ. ವೈನಿ, ನಾನು ಬೆನ್ನು ನೆಟ್ಟಗೆ ಮಾಡಿ ಅಣ್ಣನ ಕಡೆ ತಿರುಗಿದೆವು. ಅವನು ನಗುತ್ತಿರಲಿಲ್ಲ. ಸಿಟ್ಟೂ ಇರಲಿಲ್ಲ. ದಣಿದಿದ್ದ, ನಮ್ಮ ಹಾಗೆಯೇ.

ಅವರನ್ನು ಎರಡು ದಿನ ಉಳಿಸಿಕೊಂಡೆ. ಸೋಮವಾರ ಕಾಲೇಜಿಗೆ ರಜೆ ಹಾಕಿ ಫಿಸಿಯೋಥೆರಪಿಗೆ ಕರೆದುಕೊಂಡು ಹೋದೆ. ಅಲ್ಲಿದ್ದ ಫಿಸಿಯೋ ಚಿಕ್ಕ ವಯಸ್ಸಿನ ಹುಡುಗಿ. ಅಣ್ಣನೆದುರು ಕುರ್ಚಿ ಎಳೆದುಕೊಂಡು ಕೂತು ಕೇಳಿದಳು, "ಯಾವಾಗಿಂದ ಐತ್ರಿ ನೋವು?"

ನನ್ನ ಕೈ ತಾನಾಗಿಯೇ ಬ್ಯಾಗಿನ ಜಿಪ್ಪಿಗೆ ಹೋಯಿತು. ಅಷ್ಟರಲ್ಲಿ ಅಣ್ಣನ ತುಟಿ ಆಡಿ ಮುಗಿದಿತ್ತು.

"ಆಪರೇಷನ್ ಆದಾಗಿಂದ. ಹೌದಲ್ರಿ?" ಅಂದಳು.

ಅಣ್ಣ ತಲೆಯಾಡಿಸಿದ.

"ಮತ್ತ ಇಷ್ಟ ದಿನ ಯಾಕ ಕರಕೊಂಡ ಬರಲಿಲ್ರಿ?" ಇದನ್ನು ಕೇಳಿದ್ದು ನಮ್ಮನ್ನು. ಕುತ್ತಿಗೆಯ ಆಪರೇಷನ್ ಆದವರಲ್ಲಿ ಹೀಗೆ ಭುಜ ಹಿಡಿಯುವುದುಂಟಂತೆ. ಬೇಗ ಬಂದಿದ್ದರೆ ಇಷ್ಟು ಬಿಗಿಯುತ್ತಿರಲಿಲ್ಲವಂತೆ. ಪೂರ್ತಿ ಮೊದಲಿನಂತಾಗುತ್ತದೆಂದು ಹೇಳಲಾರೆ, ಆದರೆ ದಿನವೂ ಮಾಡಿದರೆ ಉಣ್ಣಲು, ಅಂಗಿ ತೊಡಲು ತೊಂದರೆಯಾಗದು ಅಂದಳು. ಅಣ್ಣನನ್ನು ಗೋಡೆಯ ಮುಂದೆ ನಿಲ್ಲಿಸಿ, ಬೆರಳುಗಳನ್ನು ಗೋಡೆಗೆ ಹಚ್ಚಿ ಮೆಲ್ಲಗೆ ಮೇಲೇರಿಸಲು ಹೇಳಿದಳು. "ಇನ್ನ ಸ್ವಲ್ಪ, ಸರ್. ಇನ್ನ ಸ್ವಲ್ಪ ಮ್ಯಾಲೆ." ಊರಿನ ಮಕ್ಕಳಿಂದೆಲ್ಲ ಕೈ ಎತ್ತಿಸಿದವನು ಹಲ್ಲು ಕಚ್ಚಿ ತನ್ನ ಕೈ ಎತ್ತುತ್ತಿದ್ದ. ಎದೆಯೆತ್ತರಕ್ಕೆ ಬಂದು ನಿಂತಿತು. ನೋವಿನಿಂದ ಕಣ್ಣಲ್ಲಿ ನೀರು ಬಂದಿತ್ತು. ಆದರೂ ತಿರುಗಿ ವೈನಿಗೆ ಏನೋ ಹೇಳಿದ. ವೈನಿ ಬಾಯಿಗೆ ಸೆರಗು ಹಿಡಿದು ನಕ್ಕರು. ಏನೆಂದು ನಾನು ಕೇಳಲಿಲ್ಲ. ಗಂಡ ಹೆಂಡಿರ ಮಾತು.

ಮರುದಿನ ಅವರು ಇಳಕಲ್‌ಗೆ ಹೊರಟರು, ಲ್ಯಾಪ್‌ಟಾಪ್ ಸಮೇತ. ಚೆನ್ನಾಗಿ ನೋಡಿಕೊಂಡರೆ ಇನ್ನೂ ಕೆಲವು ವರ್ಷ ಬಾಳುತ್ತದೆ ಎಂದು ಅಂಗಡಿಯಾತ ಭರವಸೆ ಕೊಟ್ಟಿದ್ದಾನೆ. ಬಾಳಲಿ. ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ, ಹೊಸಬರೆದುರು ಅಣ್ಣನಿಗೆ ಅದು ಬೇಕೇ ಬೇಕು.

ಆದರೆ ಆ ಫಿಸಿಯೋ ಹುಡುಗಿ ನನ್ನ ತಲೆಯಿಂದ ಹೋಗುತ್ತಿಲ್ಲ. ಅಣ್ಣನನ್ನು ಅವಳು ಅದೇ ಮೊದಲು ಕಂಡದ್ದು. ಪ್ರಶ್ನೆ ಕೇಳಿ, ಉತ್ತರ ಬರುವವರೆಗೆ ಅವನ ಮುಖ ನೋಡುತ್ತ ಕೂತಳು, ಅಷ್ಟೇ.

ಅಷ್ಟು ಮಾಡಲು ನಮಗೆ ಲ್ಯಾಪ್‌ಟಾಪ್ ಕೆಡಬೇಕಾಯಿತೇ?